ಏನೂ ಆಗದ ವರ್ಷಗಳ ಲೆಕ್ಕ

"ಮಾಮಾ, ಕೇಳಿದ್ರೇನು? ನಮ್ಮ ಓಣಿ ಬಸ್ ಡ್ರೈವರಗ ಬೆಳ್ಳಿ ಪದಕ ಸಿಕ್ಕೈತಿ."

ಕಂಪೌಂಡಿನ ಆ ಕಡೆ ಮಾಮಾ ಮೆಂತ್ಯದ ಮಡಿಗೆ ನೀರು ಬಿಡುತ್ತಿದ್ದರು. ಪೈಪು ಹಿಡಿದುಕೊಂಡೇ ಕೇಳಿದರು, "ಯಾಕ, ಏನ ಮಾಡ್ಯಾನಂತ ಅಂವಾ?"

"ಏನೂ ಮಾಡಿಲ್ರಿ. ಐದು ವರ್ಷ ಒಂದೂ ಅಪಘಾತ ಮಾಡಿಲ್ಲ. ಅದಕ್ಕ ಕೊಟ್ಟಾರ."

ಮಾಮಾ ಪೈಪನ್ನು ಮಡಿಯಲ್ಲೇ ಬಿಟ್ಟು ಗೋಡೆಯ ಹತ್ತಿರ ಬಂದರು. ನಿಪ್ಪಾಣಿಯ ಟ್ರಾನ್ಸ್‌ಪೋರ್ಟ್ ಒಂದರಲ್ಲಿ ವಯಸ್ಸೆಲ್ಲ ಗಾಡಿ ಹೊಡೆದು, ಈಗ ಚಿಕ್ಕೋಡಿಯಲ್ಲಿ ಮನೆ ಕಟ್ಟಿಕೊಂಡು ಕೂತವರು ಅವರು. ನನಗೆ ಗೊತ್ತಿದ್ದಷ್ಟು ಹೇಳಿದೆ. ಹುಬ್ಬಳ್ಳಿಯ ವಾಯವ್ಯ ಸಾರಿಗೆ ಸಂಸ್ಥೆಗೆ ನಮ್ಮ ಚಿಕ್ಕೋಡಿಯೂ ಒಂದು ವಿಭಾಗ. ನಿಪ್ಪಾಣಿ, ರಾಯಬಾಗ, ಅಥಣಿಯ ಡಿಪೋಗಳು ಇದರ ಕೆಳಗೇ ಬರುತ್ತವೆ. ಸರಕಾರಿ ಬಸ್ಸಿನವರಲ್ಲಿ ಐದು ವರ್ಷ ಅಪಘಾತವಿಲ್ಲದೆ ಓಡಿಸಿದವನಿಗೆ ಬೆಳ್ಳಿ ಪದಕ, ಹದಿನೈದು ವರ್ಷ ಓಡಿಸಿದವನಿಗೆ ಚಿನ್ನದ ಪದಕ. ಅದರ ಲೆಕ್ಕ ಡಿಪೋದ ದಾಖಲೆಯಲ್ಲಿ ಇರುತ್ತದೆ.

"ಹದಿನೈದರ ಡಬಲ್ ಹೊಡದೇನಿ ನಾನು," ಅಂದರು ಮಾಮಾ. "ಯಾರ ಎಣಿಸ್ಯಾರ? ನಿಮ್ಮ ಅತ್ತಿ ಎಣಿಸ್ಯಾಳ. ಪ್ರತಿ ಟ್ರಿಪ್ ಮುಗದ ಮ್ಯಾಲೆ ದೇವರ ಮುಂದ ಕಾಯಿ ಒಡೀತಿದ್ಲು. ಅಷ್ಟ ನಮ್ಮ ರಿಕಾರ್ಡು."

ಆ ಮಾತು ನನ್ನ ತಲೆಯಿಂದ ಹೋಗಲಿಲ್ಲ. ಲಾರಿ ಡ್ರೈವರನ ಹೆಸರು ಪೇಪರಿನಲ್ಲಿ ಬರುವುದು ಗಾಡಿ ಪಲ್ಟಿಯಾದಾಗ, ಇಲ್ಲವೇ ಮುಷ್ಕರವಾದಾಗ. 2024ರ ಜನವರಿಯಲ್ಲಿ ಗುದ್ದಿ ಓಡಿಹೋದವರಿಗೆ ಹತ್ತು ವರ್ಷದವರೆಗೆ ಶಿಕ್ಷೆ ಎಂಬ ಹೊಸ ಕಾನೂನಿನ ವಿರುದ್ಧ ದೇಶದ ತುಂಬ ಡ್ರೈವರರು ಗಾಡಿ ನಿಲ್ಲಿಸಿದರಲ್ಲ, ಆಗ ಎರಡು ದಿನ ಎಲ್ಲರೂ ಅವರ ಬಗ್ಗೆಯೇ ಮಾತಾಡಿದರು. ಆಮೇಲೆ ಮರೆತರು. ಮಾಲಕರ ಕಥೆ ನಮಗೆ ಗೊತ್ತಿದೆ. ಗದಗಿನ ವಿಜಯ ಸಂಕೇಶ್ವರ 1976ರಲ್ಲಿ ಒಂದೇ ಲಾರಿಯಿಂದ ಶುರು ಮಾಡಿ ಸಾವಿರಾರು ಗಾಡಿಗಳ ವಿಆರ್‌ಎಲ್ ಕಟ್ಟಿದರು, 2020ರಲ್ಲಿ ಪದ್ಮಶ್ರೀ ಬಂತು, 2022ರಲ್ಲಿ ಅವರ ಜೀವನ ಸಿನಿಮಾನೂ ಆಯಿತು. ಕನ್ನಡಿಗರು ಹೆಮ್ಮೆ ಪಡಬೇಕಾದ ಕಥೆ ಅದು. ಆದರೆ ಯಾವುದೇ ಕಂಪನಿಯಾಗಲಿ, ರಾತ್ರಿ ಎರಡು ಗಂಟೆಗೆ ಸ್ಟೇರಿಂಗ್ ಹಿಡಿದವನ ಕಥೆಯನ್ನೂ ಯಾರಾದರೂ ಬರೆದಿಡಬೇಕು.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ನಮ್ಮ ಈ ಐದು ತಾಲೂಕುಗಳ ಬದುಕು ಲಾರಿಯ ಮೇಲೇ ನಿಂತಿದೆ. ನಿಪ್ಪಾಣಿಯ ತಂಬಾಕು, ಅಥಣಿಯ ಚಪ್ಪಲಿ ಮತ್ತು ಮನೂಕ, 1939ರಲ್ಲಿ ಸ್ಥಾಪನೆಯಾದ ಉಗಾರ ಕಾರ್ಖಾನೆಯ ಸಕ್ಕರೆ, ಚಿಕ್ಕೋಡಿ ರಾಯಬಾಗದ ಕಬ್ಬು, ಇವೆಲ್ಲ ಯಾರದೋ ಬೆನ್ನಿನ ನೋವಿನ ಮೇಲೆ ಪೇಟೆ ಮುಟ್ಟುತ್ತವೆ. ಗಾಡಿ ಓಡಿಸುವುದಷ್ಟೇ ಕೆಲಸ ಅಂತ ತಿಳಿದಿದ್ದ ನನಗೆ ಮಾಮಾ ಅವತ್ತು ತಂಬಾಕಿನ ಲೋಡಿನ ವಿಚಾರ ಬಿಡಿಸಿ ಹೇಳಿದರು.

"ತಂಬಾಕಿಗೆ ನೀರು ತಾಗಬಾರದು, ಬಾಳ ಒಣಗಲೂಬಾರದು. ಮಳಿ ಹನಿ ಒಳಗ ಹೋತಂದ್ರ ಬೂಸಲು ಹಿಡೀತೈತಿ, ರೇಟು ಬೀಳತೈತಿ. ಹಮಾಲರು ಚೀಲ ಹೇರಿದ ಮ್ಯಾಲೆ ತಾಡಪತ್ರಿ ಹೊಚ್ಚಿ ಹಗ್ಗ ಬಿಗಿಯೋದು ನಂದು, ಕ್ಲೀನರಂದು. ಆ ಹಗ್ಗ ಸಡಲಾದ್ರ ತವಂದಿ ಘಾಟಿನ ತಿರುವಿನಾಗ ಲೋಡು ವಾಲತೈತಿ. ಮಾಲು ಸರಿ ಮುಟ್ಟಿತಂದ್ರ ವ್ಯಾಪಾರಿ ಬಿಲ್ಟಿ ಮ್ಯಾಲೆ ಸಹಿ ಮಾಡಿ ಕಳಸತಾನ. ಒಂದ ಚೀಲ ತೊಯ್ದಿದ್ರ ಮಾತ್ರ ನನ್ನ ಹೆಸರು ಕೇಳತಾನ."

ಲೋಡು ವಾಲಲಿಲ್ಲ, ಚೀಲ ತೊಯ್ಯಲಿಲ್ಲ, ಕೊಗನೋಳಿಯ ನಾಕಾ ದಾಟಿ ಪುಣೆಗೆ ಹೋಗಿ ಬಂದರೂ ಯಾರಿಗೂ ಏನೂ ಆಗಲಿಲ್ಲ. ಇಂಥ ಕೆಲಸ ಬೇರೆಯವರ ಕಣ್ಣಿಗೆ ಕಾಣುವುದೇ ಇಲ್ಲ. ಅದಕ್ಕೇ ಅದನ್ನು ಬೇಕಂತಲೇ ಎಣಿಸಿ ಇಡಬೇಕು. ಬಸ್ಸಿನವರು ಎಣಿಸುತ್ತಾರೆ. ಅಮೆರಿಕದ ಯುಪಿಎಸ್ ಅನ್ನುವ ಪಾರ್ಸೆಲ್ ಕಂಪನಿ ಕೂಡ ಇಪ್ಪತ್ತೈದು ವರ್ಷ ತನ್ನ ತಪ್ಪಿನಿಂದ ಒಂದೂ ಅಪಘಾತ ಮಾಡದ ಡ್ರೈವರನನ್ನು ಗೌರವದ ಬಳಗವೊಂದಕ್ಕೆ ಸೇರಿಸಿಕೊಂಡು ಜಾಕೀಟು ತೊಡಿಸುತ್ತದೆ. ಆ ಬಳಗದಲ್ಲಿ ಈಗ ಸಾವಿರಾರು ಜನ ಇದ್ದಾರೆ. ಎರಡು ಕಡೆಯೂ ಮಾಡಿದ್ದು ಒಂದೇ: ಹೆಸರಿನ ಮುಂದೆ ವರ್ಷ ಬರೆದಿಟ್ಟರು.

ಮಹಾಪೂರದ ಮಾತು ತೆಗೆದಿದ್ದು ಅತ್ತಿ. ಒಳಗಿನಿಂದ ಚಹಾ ತಂದವರು ಅಲ್ಲೇ ನಿಂತರು. 2019ರ ಆಗಸ್ಟಿನಲ್ಲಿ ಯಮಗರ್ಣಿಯ ಹತ್ತಿರ ವೇದಗಂಗೆ ಹೆದ್ದಾರಿಯ ಮೇಲೇ ಬಂದು, ಪುಣೆ-ಬೆಂಗಳೂರು ರಸ್ತೆ ದಿನಗಟ್ಟಲೆ ಬಂದಾಗಿತ್ತು. ಮೈಲಿಗಟ್ಟಲೆ ಲಾರಿ ಸಾಲು. ಈ ಕಡೆ ಕೃಷ್ಣೆ ಉಕ್ಕಿ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ನದಿ ದಂಡೆಯ ಊರುಗಳೆಲ್ಲ ನೀರಿನಲ್ಲಿ. "ಆವಾಗ ಇವರ ಜೋಡಿ ಗಾಡಿ ಹೊಡದ ಹುಡುಗ ಒಬ್ಬ ಆ ಸಾಲಿನಾಗ ಸಿಕ್ಕಿದ್ದ. ಗಾಡಿ ಬಿಟ್ಟ ಬಾ ಅಂದ್ರ ಬರಲಿಲ್ಲ. ಮಾಲು ಐತಿ ಕಾಕು, ಹೆಂಗ ಬಿಡ್ಲಿ ಅಂದ," ಅಂತ ಹೇಳುವಾಗ ಅತ್ತಿಯ ದನಿ ಸ್ವಲ್ಪ ಬಿಗಿಯಾಯಿತು. ಅವನಿಗೆ ಆಮೇಲೆ ಯಾರೂ ಶಾಬಾಸ್ ಅನ್ನಲಿಲ್ಲವಂತೆ. ನಿಂತ ದಿನಗಳ ಭತ್ತೆಗೂ ಜಗಳಾಡಬೇಕಾಯಿತಂತೆ.

ಇಲ್ಲಿ ಮಾಮಾ ಒಂದು ಮಾತು ಸೇರಿಸಿದರು, ಅದು ನನಗೆ ಪೂರಾ ಒಪ್ಪಿಗೆ. "ಶಾಲು ಹೊಚ್ಚಿ ಫೋಟೋ ತಗಸಿ ಕಳಸಿದ್ರ ಆಗೂದಿಲ್ಲ. ಮೊದಲ ನಿದ್ದಿ ಕೊಡ್ರಿ." ಹೌದು. 2025ರವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ ಎಂಟು ತಾಸು, ವಾರಕ್ಕೆ ನಲವತ್ತೆಂಟು ತಾಸು ಅನ್ನುತ್ತಿತ್ತು, ಐದು ತಾಸಿನೊಳಗೆ ಅರ್ಧ ತಾಸು ವಿಶ್ರಾಂತಿ ಅನ್ನುತ್ತಿತ್ತು. ಆದರೆ ಅದು ಐದು ಅಥವಾ ಹೆಚ್ಚು ಕೆಲಸಗಾರರಿರುವ ಕಡೆಗಷ್ಟೇ ಅನ್ವಯವಾಗುತ್ತಿತ್ತು. ನಮ್ಮ ಕಡೆ ಒಂದು ಗಾಡಿ, ಎರಡು ಗಾಡಿಯ ಮಾಲಕರು ಎಷ್ಟು ಮಂದಿ! ಕಬ್ಬಿನ ಹಂಗಾಮು ಶುರುವಾದರೆ ರಾತ್ರಿ ಹಗಲು ಒಂದೇ. ಕಾರ್ಖಾನೆಯ ಯಾರ್ಡಿನಲ್ಲಿ ಪಾಳಿ ಹಚ್ಚಿ ಕೂತವನು ಅಲ್ಲೇ ಕ್ಯಾಬಿನ್ನಿನಲ್ಲಿ ಕಾಲು ಮಡಚಿ ಮಲಗುತ್ತಾನೆ. ಆ ಮಟ್ಟಿಗೆ 2025ರಲ್ಲಿ ಹೊಸ ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯ ಮಾಡಿದ್ದು ಒಳ್ಳೆಯ ಕೆಲಸ. ಹಳೆಯ ಗಾಡಿಯವನ ಬೇಸಿಗೆ ಮಾತ್ರ ಹಾಗೇ ಉಳಿಯಿತು.

ಗೌರವ ಮನೆಯವರೆಗೂ ಬರಬೇಕು ಅನ್ನುವುದು ಅತ್ತಿಯ ವಾದ. ಗಂಡ ಹದಿನೈದು ದಿನ ರಸ್ತೆಯ ಮೇಲಿದ್ದಾಗ ಮಕ್ಕಳ ಸಾಲಿ, ಮುದುಕರ ಔಷಧಿ, ರೇಶನ್, ಎಲ್ಲ ಒಬ್ಬಳ ತಲೆಯ ಮೇಲೆ. ಮಹೀಂದ್ರಾ ಕಂಪನಿ 2014ರಿಂದ ಸಾರಥಿ ಅಭಿಯಾನ ಅಂತ ಟ್ರಕ್ ಡ್ರೈವರರ ಹೆಣ್ಣುಮಕ್ಕಳ ಓದಿಗೆ ತಲಾ ಹತ್ತು ಸಾವಿರ ರೂಪಾಯಿ ಕೊಡುತ್ತಿರುವುದನ್ನು ಹೇಳಿದಾಗ ಅತ್ತಿಯ ಮುಖ ಅರಳಿತು. "ಇದು ಮರ್ಯಾದಿ ಅಂದ್ರ," ಅಂದರು. ನಾನೂ ಹಾಗೇ ಅಂತೀನಿ. ಮಗಳ ಕಾಲೇಜಿನ ಫೀಗೆ ಬಂದ ಹಣವನ್ನು ಆ ಮನೆ ಮೂರು ತಲೆಮಾರು ನೆನೆಯುತ್ತದೆ.

ಹಾಗಂತ ಎಲ್ಲದಕ್ಕೂ ದೊಡ್ಡ ಕಂಪನಿಯ ದಾರಿ ಕಾಯಬೇಕಿಲ್ಲ. ನಮ್ಮಲ್ಲಿ ಖಂಡೇನವಮಿ ಇದೆ. ಅವತ್ತು ನಿಪ್ಪಾಣಿಯಿಂದ ಕಾಗವಾಡದವರೆಗೆ ಒಂದೂ ಗಾಡಿ ತೊಳೆಯದೆ ನಿಲ್ಲುವುದಿಲ್ಲ. ಬಾನೆಟ್ಟಿಗೆ ಚೆಂಡುಹೂವಿನ ಹಾರ, ಗಾಲಿಗೆ ಲಿಂಬೆಹಣ್ಣು, ಮುಂದೆ ಕುಂಬಳಕಾಯಿ. ಮಾಲಕರು ಡ್ರೈವರನಿಗೆ ಪೇಡೆ, ಅರಿವೆ ಕೊಡುವ ಪದ್ಧತಿಯೂ ಇದೆ. ಎಲ್ಲರೂ ಸೇರಿದ ದಿನ ಅದು, ಹೆಂಡತಿ ಮಕ್ಕಳೂ ಬಂದಿರುತ್ತಾರೆ. ಅಲ್ಲೇ ಐದು ನಿಮಿಷ ಹೆಚ್ಚು ತೆಗೆದರೆ ಆಯಿತು.

ಟ್ರಾನ್ಸ್‌ಪೋರ್ಟ್ ಮಾಲಕರಲ್ಲಿ ನನ್ನ ಕೇಳಿಕೆ ಇಷ್ಟೇ. ಈ ಖಂಡೇನವಮಿಗೆ ಒಂದು ದೊಡ್ಡ ವಹಿ ಕೊಳ್ಳಿರಿ. ನಿಮ್ಮ ಪ್ರತಿ ಡ್ರೈವರ್, ಕ್ಲೀನರ್, ಹಮಾಲನ ಹೆಸರು ಬರೆದು, ಅಪಘಾತವಿಲ್ಲದೆ ಕಳೆದ ವರ್ಷ, ಹಾಳಾಗದೆ ಮುಟ್ಟಿಸಿದ ಲೋಡು ಬರೆಯುತ್ತ ಹೋಗಿರಿ. ಪೂಜೆಯಾದ ಮೇಲೆ ಅವರ ಮನೆಯವರ ಮುಂದೆ ಅದನ್ನು ಗಟ್ಟಿಯಾಗಿ ಓದಿ, ವರ್ಷಕ್ಕೆ ಇಷ್ಟು ಅಂತ ಕೈಗೆ ರೊಕ್ಕ ಕೊಡಿರಿ. ಇನ್ನು ನಿಮ್ಮ ಓಣಿಯಲ್ಲಿ ಡ್ರೈವರ್, ಕ್ಲೀನರ್, ಗ್ಯಾರೇಜಿನ ಮೇಸ್ತ್ರಿ ಇದ್ದರೆ ಒಂದು ಕೆಲಸ ಮಾಡಿಕೊಡಿ. ಸಾರಿಗೆ ಕಾರ್ಮಿಕರಿಗಾಗಿ ರಾಜ್ಯ 2024ರಲ್ಲಿ ಸಾಮಾಜಿಕ ಭದ್ರತೆಯ ಕಾಯ್ದೆ ಮಾಡಿದೆ, ನೋಂದಣಿ ಇದ್ದವರಿಗೆ ಅಪಘಾತ ಪರಿಹಾರವೂ ಉಂಟು. ಅವರ ಆಧಾರ್, ಲೈಸೆನ್ಸ್ ತೆಗೆದುಕೊಂಡು ತಾಲೂಕಿನ ಕಾರ್ಮಿಕ ಇಲಾಖೆಯ ಕಚೇರಿಗೆ ಒಮ್ಮೆ ಹೋಗಿ ಬನ್ನಿ. ಡ್ರೈವರರು ಊರಲ್ಲಿ ಇರುವುದೇ ಎರಡು ದಿನ.