ವಸೂಲಿರಾಯನ ಯೂರೋಪು

ಬಿಎಂಟಿಸಿಯ ದಿನದ ಪಾಸು ಕೊಳ್ಳುವವರಲ್ಲಿ ಎರಡು ಪಂಗಡ. ಕೆಲಸ ಮುಗಿದ ಮೇಲೆ ಮನೆಗೆ ಹೋಗುವವರು ಒಂದು. ‘ಪಾಸು ಇನ್ನೂ ಇದೆಯಲ್ಲ’ ಎಂದು ಸುಮ್ಮನೆ ಕೆಂಗೇರಿಗೆ ಹೋಗಿಬರುವವರು ಇನ್ನೊಂದು. ನನ್ನ ಗೆಳೆಯ ಎರಡನೆಯ ಪಂಗಡದವನು. ಹಾಸ್ಟೆಲ್ಲಿನಲ್ಲಿದ್ದಾಗ, ತಿಂಗಳ ದುಡ್ಡು ಕಟ್ಟಿದ್ದೇನೆಂಬ ಒಂದೇ ಕಾರಣಕ್ಕೆ, ಮೈಸುಡುವ ಜ್ವರದಲ್ಲೂ ಮೂರು ಸಲ ಅನ್ನ ಬಡಿಸಿಕೊಂಡವನು. ವಸೂಲಿರಾಯ ಎಂಬ ಹೆಸರು ಅವತ್ತೇ ಬಿತ್ತು. ನಿವೃತ್ತಿಯಾದ ಮೇಲೆ ಇಂಥವನ ಜೊತೆ ಯೂರೋಪಿಗೆ ಹೊರಟದ್ದು ನನ್ನ ತಪ್ಪು. ಅವನ ಕೈಗೆ ಯೂರೇಲ್ ಪಾಸು ಸಿಗಲು ಬಿಟ್ಟದ್ದು ಅದಕ್ಕಿಂತ ದೊಡ್ಡ ತಪ್ಪು.

ಯೂರೋಪಿನ ಹೊರಗಿನವರಿಗೆಂದು 1959ರಲ್ಲಿ ಶುರುವಾದ ಈ ಪಾಸು ಈಗ 33 ದೇಶಗಳಲ್ಲಿ ನಡೆಯುತ್ತದೆ. ನಾವು ಕೊಂಡದ್ದು ಒಂದು ತಿಂಗಳೊಳಗೆ ಏಳು ದಿನ ಓಡಾಡುವಂಥದ್ದು. ಒಂದು ದಿನವನ್ನು ಫೋನಿನಲ್ಲಿ ಚಾಲೂ ಮಾಡಿದರೆ ನಡುರಾತ್ರಿಯವರೆಗೆ ಎಷ್ಟು ರೈಲು ಬೇಕಾದರೂ ಹತ್ತಬಹುದು. ‘ಎಷ್ಟು ಬೇಕಾದರೂ’ ಎಂಬ ಮಾತನ್ನು ವಸೂಲಿರಾಯನಂಥವರ ಮುಂದೆ ಆಡಬಾರದು.

ಮೊದಲ ದಿನ ಜೂರಿಕ್ ಹೋಟೆಲಿನಲ್ಲಿ ನಾನು ಶೂ ಬಿಚ್ಚುತ್ತಿದ್ದೆ. ಗಂಟೆ ಎಂಟೂವರೆ.

‘ಏಳೋ, ಇನ್ನೂ ಮೂರೂವರೆ ಗಂಟೆ ಇದೆ.’

‘ಹೋಟೆಲಿಗೂ ದುಡ್ಡು ಕೊಟ್ಟಿದ್ದೀವಲ್ಲೋ, ಮಲಗಿ ಅದನ್ನ ವಸೂಲು ಮಾಡೋಣ.’

‘ಹೋಟೆಲು ಬೆಳಿಗ್ಗೆವರೆಗೂ ಇರುತ್ತೆ ಕಣೋ. ಈ ದಿನ ಹನ್ನೆರಡಕ್ಕೆ ಸತ್ತೋಗುತ್ತೆ.’

ವಿಂಟರ್‌ಥೂರ್ ಎಂಬ ಊರಿಗೆ ಹೋಗಿ, ಪ್ಲಾಟ್‌ಫಾರಂ ಬದಲಿಸಿ, ವಾಪಸು ಬಂದೆವು. ಆ ಊರು ಹೇಗಿದೆ ಎಂದು ಯಾರಾದರೂ ಕೇಳಿದರೆ ಅಲ್ಲಿನ ಸ್ಟೇಷನ್ ಮೆಟ್ಟಿಲು ಚೊಕ್ಕಟವಾಗಿದೆ ಎಂದಷ್ಟೇ ಹೇಳಬಲ್ಲೆ. ಸ್ವಿಸ್ ಸ್ಟೇಷನ್ನುಗಳ ಗಡಿಯಾರದಲ್ಲಿ ಕೆಂಪು ಸೆಕೆಂಡು ಮುಳ್ಳು ಒಂದು ಸುತ್ತು ಮುಗಿಸಿ, ಒಂದೂವರೆ ಸೆಕೆಂಡು ನಿಂತು, ಆಮೇಲೆ ಮುಂದಿನ ನಿಮಿಷಕ್ಕೆ ಹೊರಡುತ್ತದೆ. ನಾನದನ್ನು ಚೋದ್ಯವೆಂದು ತೋರಿಸಿದರೆ ಅವನು, ‘ನಿಂತಷ್ಟು ಹೊತ್ತು ನಮಗೆ ಲಾಭ’ ಎಂದ.

ಅವನ ಹತ್ತಿರ ಒಂದು ಪುಟ್ಟ ನೋಟ್‌ಬುಕ್. ಹತ್ತಿದ ರೈಲಿಗೆಲ್ಲ ಪಾಸಿಲ್ಲದಿದ್ದರೆ ಎಷ್ಟಾಗುತ್ತಿತ್ತು ಎಂದು ನೋಡಿ ಬರೆದುಕೊಳ್ಳುವನು. ರಾತ್ರಿ ಕೂಡಿಸಿ, ‘ಇವತ್ತು ಎಂಬತ್ತು ಯೂರೋ ಬಂತು’ ಎನ್ನುವನು, ಯಾರೋ ಮನೆ ಬಾಗಿಲಿಗೆ ತಂದು ಕೊಟ್ಟವರ ಹಾಗೆ.

ನ್ಯಾಯವಾಗಿ ಹೇಳಬೇಕೆಂದರೆ ಈ ಲೆಕ್ಕಾಚಾರದಿಂದ ಒಮ್ಮೆ ನನಗೂ ಒಳ್ಳೆಯದಾಯಿತು. ಇಟಲಿ ಕಡೆಗೆ ಹೋಗಲು ಗೊಟ್ಹಾರ್ಡ್ ಪರ್ವತದ ಬುಡದಲ್ಲಿ 2016ರಲ್ಲಿ ತೆರೆದ 57 ಕಿಲೋಮೀಟರ್ ಉದ್ದದ ಸುರಂಗವಿದೆ. ಕತ್ತಲಲ್ಲಿ ಕಣ್ಣುಮುಚ್ಚಿ ಬಿಡುವುದರೊಳಗೆ ಆಚೆ ಬದಿ. ಮೇಲಿನ ಹಳೆಯ ಹಾದಿ 1882ರದ್ದು. ಅದು ಬೆಟ್ಟದೊಳಗೆ ಸುತ್ತಿ ಸುತ್ತಿ ಏರುವುದರಿಂದ ವಾಸೆನ್ ಎಂಬ ಹಳ್ಳಿಯ ಚರ್ಚು ಮೂರು ಸಲ ಕಾಣಿಸುತ್ತದೆ: ಮೊದಲು ತಲೆಯ ಮೇಲೆ, ಆಮೇಲೆ ಪಕ್ಕದಲ್ಲಿ, ಕೊನೆಗೆ ಕಾಲಕೆಳಗೆ. ಒಂದು ಚರ್ಚಿಗೆ ಮೂರು ದರ್ಶನ ಎಂದು ತಿಳಿದದ್ದೇ ತಡ, ವಸೂಲಿರಾಯ ಹಳೆಯ ಹಾದಿಯನ್ನೇ ಹಿಡಿದ. ನೋಟ್‌ಬುಕ್ಕಿನಲ್ಲಿ ‘ಚರ್ಚು 3’ ಎಂದು ಈಗಲೂ ಇದೆ.

ಪಾಸಿದ್ದರೂ ಸೀಟಿಗೆ ಬೇರೆ ದುಡ್ಡು ಕೇಳುವ ರೈಲುಗಳೆಂದರೆ ಮಾತ್ರ ಅವನಿಗೆ ಮದುವೆಯೂಟಕ್ಕೆ ಕರೆದು ಬಾಳೆಲೆಗೆ ದುಡ್ಡು ಕೇಳಿದ ಹಾಗೆ. ಫ್ರಾನ್ಸಿನ ಟಿಜಿವಿ ಅಂಥದ್ದು. ಹಾಗಾಗಿ ಪ್ಯಾರಿಸ್ ನಮ್ಮ ಪಟ್ಟಿಯಿಂದಲೇ ಹೋಯಿತು. ಇಟಲಿಯ ವೇಗದ ರೈಲೂ ಅಂಥದ್ದೇ. ಅದನ್ನು ಬಿಟ್ಟು ಮಿಲಾನಿನಿಂದ ಕುಂಟುತ್ತಾ, ವೆರೋನಾದಲ್ಲಿ ಇಳಿದು ಹತ್ತಿ, ವೆನಿಸ್ ಮುಟ್ಟಿದೆವು. ಸಾಂತಾ ಲೂಚಿಯಾ ಸ್ಟೇಷನ್ನಿನ ಹೊರಗೆ ಬಂದರೆ ಮೆಟ್ಟಿಲ ಕೆಳಗೇ ಗ್ರ್ಯಾಂಡ್ ಕೆನಾಲ್, ಹಸಿರು ನೀರು, ಆಚೆ ದಡದಲ್ಲಿ ತಾಮ್ರದ ಗುಮ್ಮಟದ ಚರ್ಚು. ನಾನು ಬಾಯಿಬಿಟ್ಟು ನಿಂತೆ.

‘ನೋಡಿದೆಯಲ್ಲ? ನಡಿ. ದೋಣಿ ಪಾಸಲ್ಲಿ ಬರಲ್ಲ.’

ಯುಂಗ್‌ಫ್ರಾವ್ ಕಥೆಯೂ ಇಷ್ಟೇ. 3,454 ಮೀಟರ್ ಎತ್ತರದ ಸ್ಟೇಷನ್ನಿಗೆ ಪಾಸಿನವರಿಗೆ ಬರೀ ರಿಯಾಯಿತಿ, ಪುಕ್ಕಟೆ ಅಲ್ಲ. ‘ಬೆಟ್ಟ ಇಲ್ಲಿಂದಲೇ ಚೆನ್ನಾಗಿ ಕಾಣುತ್ತೆ’ ಎಂದು ಇಂಟರ್‌ಲಾಕನ್ನಿನ ಬೆಂಚಿನ ಮೇಲೆ ಕೂತು ಅವಲಕ್ಕಿ ಕಲೆಸಿದ. ಕಲೋನ್‌ನಲ್ಲಿ ರೈಲು ಬದಲಿಸಲು ಹದಿನಾಲ್ಕು ನಿಮಿಷವಿತ್ತು. 1248ರಲ್ಲಿ ಶುರುವಾಗಿ 1880ರಲ್ಲಿ ಮುಗಿದ ಮಹಾ ಚರ್ಚು ಸ್ಟೇಷನ್ನಿಗೆ ಅಂಟಿಕೊಂಡೇ ಇದೆ. ಕಟ್ಟಲು ಹಿಡಿದದ್ದು 632 ವರ್ಷ. ನಾವು ಕೊಟ್ಟದ್ದು ನಾಲ್ಕು ನಿಮಿಷ, ಅದರಲ್ಲಿ ಒಂದು ನಿಮಿಷ ಅವನು ವಾಚು ನೋಡಿದ.

ಕಲೋನ್‌ಗೆ ಬರುವ ರೈಲಿನಲ್ಲೇ ಕೋಡುಬಳೆ ಪ್ರಕರಣ ನಡೆದದ್ದು. ಗೊತ್ತಿಲ್ಲದೆ ಮೌನದ ಡಬ್ಬಿಯಲ್ಲಿ ಕೂತಿದ್ದೆವು. ಅವನು ಮನೆಯಿಂದ ತಂದ ಕೋಡುಬಳೆ ಕಟುಂ ಎಂದು ಕಡಿದದ್ದಕ್ಕೆ ಆರು ತಲೆ ನಮ್ಮ ಕಡೆ ತಿರುಗಿದವು. ಉಗುಳುವಂತಿಲ್ಲ, ಅಗಿಯುವಂತಿಲ್ಲ. ಉಳಿದದ್ದನ್ನು ನೆನೆಯಲೆಂದು ಬಾಯಲ್ಲೇ ಇಟ್ಟುಕೊಂಡು ಫ್ರಾಂಕ್‌ಫರ್ಟ್‌ವರೆಗೆ ಕೂತಿದ್ದ. ಇಡೀ ಪ್ರವಾಸದಲ್ಲಿ ಅವನು ಲೆಕ್ಕ ಹೇಳದೇ ಇದ್ದ ಹೊತ್ತು ಅದೊಂದೇ.

ಏಳನೇ ದಿನ ಟ್ರಿಯರ್ ದಾಟಿ ಲಕ್ಸೆಂಬರ್ಗ್ ಗಡಿಯೊಳಗೆ ಬಂದೆವು. ಟಿ.ಸಿ. ಎದುರಾದಾಗ ವಸೂಲಿರಾಯ ಠೀವಿಯಿಂದ ಫೋನು ಮುಂದೆ ಹಿಡಿದ. ಆತ ಅದನ್ನು ನೋಡಲೇ ಇಲ್ಲ. ಇಲ್ಲಿ ಟಿಕೆಟ್ಟೇ ಬೇಡ ಎಂದು ನಕ್ಕು ಮುಂದೆ ಹೋದ. 2020ರಿಂದ ಆ ದೇಶದಲ್ಲಿ ಎರಡನೇ ದರ್ಜೆಯ ರೈಲು, ಬಸ್ಸು, ಟ್ರಾಮು ಎಲ್ಲರಿಗೂ ಪುಕ್ಕಟೆ.

ಅವನ ಮುಖ ಬಾಡಿತು. ಊರಿಗೆ ಊರೇ ಪುಕ್ಕಟೆ ಓಡಾಡುವಾಗ ವಸೂಲಾಗುವುದೇನು? ಸ್ಟೇಷನ್ನಿನ ಹೊರಗೆ ಖಾಲಿ ಟ್ರಾಮು ಬಾಗಿಲು ತೆರೆದು ನಿಂತಿತ್ತು. ಹತ್ತಲಿಲ್ಲ. ‘ನಡಿಯೋಣ ಬಾರೋ’ ಎಂದ. ಇಡೀ ಯೂರೋಪಿನಲ್ಲಿ ನಾವು ನಡೆದು ನೋಡಿದ ಊರು ಅದೊಂದೇ.

ಅಡಾಲ್ಫ್ ಸೇತುವೆಯ ಮೇಲೆ ನಿಂತೆವು. ಕೆಳಗೆ ಆಳದಲ್ಲಿ ಪೆಟ್ರೂಸ್ ಕಣಿವೆ, ಮರಗಳು, ಸಣ್ಣ ತೊರೆ. ಕೊನೆಯ ಕೋಡುಬಳೆಯನ್ನು ಇಬ್ಬರೂ ಮುರಿದುಕೊಂಡು ಜೋರಾಗಿಯೇ ಅಗಿದೆವು.

‘ಎಷ್ಟು ಹೊತ್ತು ನಿಲ್ಲಬಹುದೋ ಇಲ್ಲಿ?’

‘ಎಷ್ಟು ಹೊತ್ತು ಬೇಕಾದರೂ.’

ಕಂಬಿಗೆ ಮೊಣಕೈ ಊರಿ, ಬ್ಯಾಗು ಕೆಳಗಿಟ್ಟ.