ಸಾವಿರ ಮೆಟ್ಟಿಲು, 625 ಮಾರ್ಕ್ಸು

ಮೈಸೂರಿನ ಒಂದು ಮನೆ. ಮಗ ಹತ್ತನೇ ಕ್ಲಾಸು. ಅಂದರೆ ಮನೆಮಂದಿಯೆಲ್ಲ ಹತ್ತನೇ ಕ್ಲಾಸು.

"ಅಪ್ಪಾ, ಭಾನುವಾರ ಫ್ರೆಂಡ್ಸ್ ಜೊತೆ ಚಾಮುಂಡಿ ಬೆಟ್ಟ ಹತ್ತಿ ಬರ್ಲಾ?"

"ಎಷ್ಟು ಮೆಟ್ಟಿಲು?"

"ಸುಮಾರು ಸಾವಿರ."

"ಎಸ್ಸೆಸ್ಸೆಲ್ಸಿಗೆ ಒಟ್ಟು ಮಾರ್ಕ್ಸು?"

"625."

"ಮೊದಲು ಅದನ್ನ ಹತ್ತು."

ಪ್ರಥಮ ಭಾಷೆಗೆ 125, ಉಳಿದ ಐದಕ್ಕೆ ತಲಾ 100. ಈ ಲೆಕ್ಕ ಈಗ ಹಾಲು ಹಾಕುವ ಹುಡುಗನಿಗೂ ಬಾಯಿಪಾಠ. ಪಕ್ಕದ ಮನೆಯವರಿಗಂತೂ ಕೇಳುವುದೇ ಬೇಡ.

ಅಡುಗೆಮನೆಯಿಂದ ಅಮ್ಮನ ಶಿಫಾರಸು: "ಹೋಗ್ಲಿ ಬಿಡಿ, ಹಾಲ್ ಟಿಕೆಟ್ ಪೂಜೆ ಮಾಡಿಸ್ಕೊಂಡು ಬರ್ತಾನೆ."

"ಅದಿನ್ನೂ ಬಂದಿಲ್ಲಮ್ಮ."

"ಪೆನ್ನು ಇಡು."

"ಚಿತ್ರ ಬರೆಯೋ ಪೆನ್ಸಿಲ್ಲೂ ತಗೊಂಡು ಹೋಗ್ಲಾ? ನಂದಿ ಬರೀತೀನಿ."

"ನಂದಿ ಯಾಕೋ? ಹೃದಯದ ನೀಳಛೇದ ಬರಿ, ಭಾಗ ಗುರುತಿಸು. ಹವ್ಯಾಸಕ್ಕೆ ಹವ್ಯಾಸ, ಮಾರ್ಕ್ಸಿಗೆ ಮಾರ್ಕ್ಸು," ಅಂದರು ಅಪ್ಪ.

ಅಂತೂ ಭಾನುವಾರ ಹುಡುಗ ಹೊರಟ. ಏಳುನೂರನೇ ಮೆಟ್ಟಿಲ ಹತ್ತಿರ ಏಕಶಿಲೆಯ ದೊಡ್ಡ ನಂದಿ. ದೊಡ್ಡ ದೇವರಾಜ ಒಡೆಯರ್ ಕಾಲದಿಂದ ಯಾವ ಪರೀಕ್ಷೆಯೂ ಇಲ್ಲದೆ ಆರಾಮಾಗಿ ಕೂತಿದೆ. ಸೆಲ್ಫಿಗೆ ಕೈ ಎತ್ತಿದಾಗಲೇ ಅಪ್ಪನ ಫೋನು.

"ಎಲ್ಲಿದೀಯೋ?"

"ನಂದಿ ಹತ್ರ. ಇನ್ನು ಮುನ್ನೂರು ಮೆಟ್ಟಿಲಿದೆ."

"ಮೆಟ್ಟಿಲಿಗೊಂದು ಸೂತ್ರ ಹೇಳ್ಕೊಂಡು ಹತ್ತು. ಬೇಗ ಇಳಿ, ಒಂಬತ್ತಕ್ಕೆ ಟ್ಯೂಷನ್ನು."