ಮೂರು ಹಿಡಿ, ಎರಡು ಕೈ

1996ರಲ್ಲಿ ಬಂದ ನಿಂಟೆಂಡೊ 64ರ ಕಂಟ್ರೋಲರಿಗೆ ಮೂರು ಹಿಡಿ. ಆಡುವವನಿಗೆ ಕೈ ಎರಡೇ ಅನ್ನುವುದು ಜಪಾನಿನ ಎಂಜಿನಿಯರುಗಳಿಗೆ ತಿಳಿಯದ ಸಂಗತಿಯೇನಲ್ಲ. ಆಟಕ್ಕೆ ತಕ್ಕಂತೆ ಬೇಕಾದ ಎರಡನ್ನು ಹಿಡಿದುಕೊಳ್ಳಿ, ಮೂರನೆಯದು ಅದರ ಪಾಡಿಗೆ ಇರಲಿ ಅಂತ ಅವರ ಲೆಕ್ಕ. ನಗಬೇಕಾದವರು ನಕ್ಕರು. ನಡುವಿನ ಹಿಡಿಯ ಮೇಲೊಂದು ಪುಟ್ಟ ಅನಲಾಗ್ ಸ್ಟಿಕ್ ಇತ್ತಲ್ಲ? ನಕ್ಕ ಮಹಾಶಯರೇ ಈಗ ಅಂಥ ಸ್ಟಿಕ್ಕು ಎರಡಿಲ್ಲದಿದ್ದರೆ ಕಂಟ್ರೋಲರನ್ನು ಮುಟ್ಟಿಯೂ ನೋಡುವುದಿಲ್ಲ. ‘ಮಾರಿಯೊ ಪಾರ್ಟಿ’ಯಲ್ಲಿ ಅದನ್ನೇ ಗಿರಗಿರ ತಿರುಗಿಸಿ ಮಕ್ಕಳ ಅಂಗೈ ಸುಲಿದು, 2000ದಲ್ಲಿ ಕಂಪನಿ ಅಮೆರಿಕದಲ್ಲಿ ಕೈಗವಸು ಹಂಚಲು ಒಪ್ಪಬೇಕಾಯಿತು, ಅದು ಬೇರೆ ಮಾತು. ಪ್ಲೇಸ್ಟೇಷನ್ ಎದುರು ಸೋತದ್ದಕ್ಕೆ ಮಾತ್ರ ಆ ಮೂರನೇ ಹಿಡಿಯನ್ನು ಬೈಯಬೇಡಿ, ಪಾಪ ಬರುತ್ತೆ. ಸಿ.ಡಿ. ಕಾಲದಲ್ಲಿ ದುಬಾರಿ ಕಾರ್ಟ್ರಿಜ್ ಕಟ್ಟಿಕೊಂಡು ಕೂತದ್ದೇ ದೊಡ್ಡ ಎಡವಟ್ಟು.

2006ರಲ್ಲಿ ‘ವೀ’ ಬಂತು. ಕಂಟ್ರೋಲರ್ ನೋಡಿದರೆ ಥೇಟ್ ಟಿ.ವಿ. ರಿಮೋಟು! ಇದೂ ಒಂದು ಗೇಮಾ ಅಂತ ಹಳೇ ಹುಲಿಗಳು ಮೂಗು ಮುರಿಯುವಷ್ಟರಲ್ಲಿ ಅವರ ಅಜ್ಜಿಯರು ಕೈ ಬೀಸಿ ಬೌಲಿಂಗ್ ಶುರು ಹಚ್ಚಿಕೊಂಡಿದ್ದರು. ಬೀಸುವ ಭರಕ್ಕೆ ರಿಮೋಟು ಕೈ ತಪ್ಪಿ ಟಿ.ವಿ.ಗೆ ಬಡಿದ ಪ್ರಸಂಗಗಳೂ ಆದವು. ಮಣಿಕಟ್ಟಿನ ಪಟ್ಟಿ ಸಾಲದಾಗಿ, ಸುಮಾರು 32 ಲಕ್ಷ ಪಟ್ಟಿಗಳನ್ನು ಬದಲಿಸಿಕೊಡಲು ಕಂಪನಿ ಮುಂದಾಯಿತು. ಆದರೇನು, ಹಿಂದಿನ ಗೇಮ್‌ಕ್ಯೂಬ್ 2 ಕೋಟಿ ಚಿಲ್ಲರೆಗೆ ನಿಂತಿದ್ದರೆ ವೀ 10 ಕೋಟಿ ದಾಟಿತು. ಎಷ್ಟೇ ವಿಚಿತ್ರವಾಗಿದ್ದರೂ ಹೇಗೆ ಆಡಬೇಕೆಂದು ಯಾರೂ ಕೇಳಬೇಕಾಗಿರಲಿಲ್ಲ, ನೋಡಿ.

2012ರ ‘ವೀ ಯು’ ಬಂದಾಗ ಎಲ್ಲರೂ ಕೇಳಿದ್ದು ಅದನ್ನೇ. ಕಂಟ್ರೋಲರಿನ ಹೊಟ್ಟೆಯಲ್ಲೊಂದು ಪರದೆ. ಇದು ಹೊಸ ಕನ್ಸೋಲೋ, ಹಳೆಯದಕ್ಕೆ ಸಿಕ್ಕಿಸುವ ಬಿಡಿಭಾಗವೋ? ವಿವರಿಸುವಷ್ಟರಲ್ಲಿ ಗಿರಾಕಿ ಅಂಗಡಿ ದಾಟಿರುತ್ತಿದ್ದ. ಮಾರಾಟ 1.36 ಕೋಟಿಗೇ ಮುಗಿಯಿತು. ಮರುವರ್ಷ ಮೈಕ್ರೋಸಾಫ್ಟು ಇನ್ನೊಂದು ಜಾಣತನ ಮಾಡಿತು: ಕೈಯಲ್ಲಿ ಏನೂ ಹಿಡಿಯದೆ ಆಡಿಸುವ ಕಿನೆಕ್ಟನ್ನು ಎಕ್ಸ್‌ಬಾಕ್ಸ್ ಒನ್ ಜೊತೆ ಕಡ್ಡಾಯವಾಗಿ ಕಟ್ಟಿ 499 ಡಾಲರ್ ಕೇಳಿತು. ಎದುರಿನ ಪ್ಲೇಸ್ಟೇಷನ್ 4ಕ್ಕೆ 399. ಬರಿಗೈ ಆಟಕ್ಕೆ 100 ಡಾಲರ್ ಹೆಚ್ಚು ತೆರಲು ಜನರೇನು ದಡ್ಡರೇ? 2014ರಲ್ಲಿ ಕಿನೆಕ್ಟ್ ಇಲ್ಲದ ಪೆಟ್ಟಿಗೆ 399ಕ್ಕೇ ಬಂತು.

ನಿಂಟೆಂಡೊಗೆ ಆ ಪರದೆಯ ಹುಚ್ಚು ಬಿಡಲಿಲ್ಲ. ವೀ ಯು ಪರದೆ ಹಿಡಿದು ಕನ್ಸೋಲಿನಿಂದ ದೂರ ಹೋದರೆ ಚಿತ್ರ ಮಾಯವಾಗುತ್ತಿತ್ತಷ್ಟೆ? 2017ರ ‘ಸ್ವಿಚ್’ನಲ್ಲಿ ಇಡೀ ಯಂತ್ರವನ್ನೇ ಪರದೆಯ ಹಿಂದೆ ತುರುಕಿ ಕೈಗೆ ಕೊಟ್ಟರು. ಮಾರಾಟ 15 ಕೋಟಿ ದಾಟಿತು. ‘ವೀ ಯು ಒಳ್ಳೇ ಐಡಿಯಾನೇ ಆಗಿತ್ತು, ನಾನು ಆಗಲೇ ಹೇಳಿದ್ದೆ’ ಎನ್ನುವವರನ್ನು ಈಗ ಎಣಿಸಿದರೆ, ಅದನ್ನು ಕೊಂಡವರಿಗಿಂತ ಹೆಚ್ಚಾದಾರು!